ಹಳೆಯ ಜೀಪಿಗೆ ಹಿರಿಯ ಎಂಜಿನ್

ಮಹಾರಾಷ್ಟ್ರದ ಉಮರಗಾದಿಂದ ನಿಲಂಗಾ, ಉದಗೀರಗಳ ಕಡೆಗೆ ಹಬ್ಬಿರುವ ಎರೆಭೂಮಿಯು ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿದರೆ ಬಿಡದ ಕೆಸರಾಗಿಯೂ, ಬೇಸಗೆಯಲ್ಲಿ ಬಾಯ್ದೆರೆದ ಗಟ್ಟಿ ನೆಲವಾಗಿಯೂ ರೂಪಾಂತರ ಹೊಂದುವುದರಿಂದ, ನಾಲ್ಕೂ ಚಕ್ರಗಳಿಗೆ ಬಲವೊದಗುವ ಜೀಪಿಗೆ ಇಲ್ಲಿ ಲಭಿಸಿದ ಗೌರವವು ಅಕಾರಣವಾದುದಲ್ಲ. 1956ರವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯು ನಡುವೆ ಗಡಿಯನ್ನೆಳೆಯಿತಾದರೂ ಭಾಲ್ಕಿ, ಬಸವಕಲ್ಯಾಣಗಳೊಡನೆ ಈ ಸೀಮೆಗಿದ್ದ ಸಂತೆಯ, ಬೀಗತನದ ನಂಟು ಕಡಿಯಲಿಲ್ಲ. ಆ ನಂಟನ್ನು ಹೊತ್ತು ತಿರುಗಿದ ವಾಹನಗಳಲ್ಲಿ ‘ಕಾಳಿ-ಪಿವಳಿ’ ಎಂಬ ಕಪ್ಪು-ಹಳದಿ ಬಾಡಿಗೆ ಜೀಪಿಗೂ ಸಲ್ಲತಕ್ಕ ಸ್ಥಾನವುಂಟು. ಎಂಟು ಜನರ ಗಾಡಿಗೆ ಅದರ ಇಮ್ಮಡಿ ಜನ ಏರುವಲ್ಲಿ ಬಲವೂ ಮಿತವ್ಯಯವೂ ಕೂಡಿದ ಡೀಸೆಲ್ ಎಂಜಿನ್ನನ್ನು ಒಡೆಯನು ಬಯಸಿದರೆ ಆಶ್ಚರ್ಯವೇನು?

ಜೀಪಿನ ಚರಿತ್ರೆಯೇ ಒಂದರ್ಥದಲ್ಲಿ ಎಂಜಿನ್ ಬದಲಾವಣೆಯ ಚರಿತ್ರೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿದ್ದಿತು. 1953ರ ಸಿ.ಜೆ.-3ಬಿ ಮಾದರಿಯಲ್ಲಿ ಗಾಳಿ ಸೇರುವ ವಾಲ್ವುಗಳನ್ನು ಸಿಲಿಂಡರಿನ ಮೇಲಕ್ಕೊಯ್ದುದರಿಂದ ಎಂಜಿನ್ ಎತ್ತರವಾಗಿ, ಬಾನೆಟ್ಟನ್ನೂ ಏರಿಸಬೇಕಾಯಿತು. ಮಹೀಂದ್ರ ಸಂಸ್ಥೆಯು ದಶಕಗಳ ಕಾಲ ತಯಾರಿಸಿದ, ನಮ್ಮ ಹಿರಿಯರಿಗೆ ಜೀಪೆಂದರೆ ಇದೇ ಎನಿಸಿದ್ದ ಆ ಎತ್ತರದ ಮೂತಿಯು ಹುಟ್ಟಿದುದು ಸೌಂದರ್ಯದೃಷ್ಟಿಯಿಂದಲ್ಲ, ಇಕ್ಕಟ್ಟಿನಿಂದ. ಮುಂದೆ ಆ ಸಂಸ್ಥೆಯೇ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ನನ್ನೂ, ಎಂ.ಎಂ. 540ರಲ್ಲಿ ಪ್ಯೂಜೊ ವಿನ್ಯಾಸದ 2,112 ಸಿ.ಸಿ.ಯದನ್ನೂ ಜೀಪಿಗೆ ಕೂಡಿಸಿತು. ಕಾರ್ಖಾನೆ ಮಾಡಿದುದನ್ನೇ ಮಿಸ್ತ್ರಿಗಳು ಮೆಟಡೋರಿನ 2.4 ಲೀಟರಿನ ಮರ್ಸಿಡೀಸ್ ಮೂಲದ ಎಂಜಿನ್ನಿನಂಥ ಹಳೆಯ ಸರಕನ್ನು ಹಿಡಿದು ಮಾಡಿದರು.

ಕಷ್ಟವಿರುವುದು ಎಂಜಿನ್ನನ್ನು ಇಳಿಸಿ ಏರಿಸುವುದರಲ್ಲಲ್ಲ. ಅದಕ್ಕೆ ಸರಪಳಿಯ ಕಪ್ಪಿಯೊಂದು ಸಾಕು. ಹೊಸ ಎಂಜಿನ್ನಿನ ಬೆನ್ನಿಗೂ ಹಳೆಯ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ರಂಧ್ರಗಳು ಹೊಂದವಾದ ಕಾರಣ ನಡುವೆ ಕೂಡಿಸುವ ದಪ್ಪ ಫಲಕವನ್ನು ಲೇತಿನಲ್ಲಿ ಕಡೆಸಬೇಕು. ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂಭಾಗದ ಪುಟ್ಟ ಬುಶ್ಶಿನೊಳಗೆ ಕೂರುವುದರಿಂದ ಎರಡರ ಅಕ್ಷಗಳೂ ಒಂದೇ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಗೊಣಗತೊಡಗುವುದು, ಕ್ಲಚ್ಚು ಅಕಾಲದಲ್ಲಿ ಸವೆಯುವುದು. ಬಲ್ಲ ಮಿಸ್ತ್ರಿಯು ಫ್ಲೈವೀಲನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಡಯಲ್ ಗೇಜಿನ ಮುಳ್ಳು ಹೆಚ್ಚು ಅಲುಗದುದನ್ನು ಕಂಡಲ್ಲದೆ ಕೊನೆಯ ಬಿಗಿ ಕೊಡುವುದಿಲ್ಲ. ಎರಕದ ಕಬ್ಬಿಣದ ಭಾರಕ್ಕೆ ಮುಂದಿನ ಕಮಾನುಪಟ್ಟಿ ತಗ್ಗಿದಾಗ ಎಂಜಿನ್ನಿನ ಆಯಿಲ್ ಚೇಂಬರು ಆಕ್ಸೆಲ್ಲಿಗೆ ಬಡಿಯಬಾರದು. ಡೀಸೆಲ್ಲಿಗೆ ಕಿಡಿಯಿಲ್ಲ, ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸುವುದರಿಂದ ಸ್ಟಾರ್ಟರಿಗೂ ಬ್ಯಾಟರಿಗೂ ಹೆಚ್ಚಿನ ಕಸುವು ಬೇಕು. ಬ್ರೇಕಿಗೆ ಬೂಸ್ಟರಿದ್ದರೆ, ಪೆಟ್ರೋಲ್ ಎಂಜಿನ್ನು ತಾನಾಗಿ ಒದಗಿಸುತ್ತಿದ್ದ ನಿರ್ವಾತಕ್ಕಾಗಿ ಬೇರೆ ಪಂಪನ್ನೇ ಕೂಡಿಸಬೇಕು. ಇದನ್ನು ಮರೆತವನಿಗೆ ಮೊದಲ ಇಳಿಜಾರೇ ಉಪಾಧ್ಯಾಯ.

ಇಷ್ಟಾದರೂ ಒಡೆಯನು ನಿರಾಶನಾಗುವುದುಂಟು. ಹಳೆಯ ಜೀಪಿನ ಆಕ್ಸೆಲ್ಲಿನ ಅನುಪಾತ 5.38, ಅಂದರೆ ಚಕ್ರವೊಮ್ಮೆ ತಿರುಗಲು ಟಾಪ್ ಗೇರಿನಲ್ಲೂ ಎಂಜಿನ್ನು ಐದಕ್ಕೆ ಮೀರಿ ಸುತ್ತು ತಿರುಗಬೇಕು. ನಿಮಿಷಕ್ಕೆ 4,000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿಗೆ ಒಪ್ಪಿದ ಈ ಲೆಕ್ಕದಲ್ಲಿ, 2,400 ಸುತ್ತಿಗೇ ತೃಪ್ತವಾಗುವ ನಿಧಾನದ ಡೀಸೆಲ್ಲು ಗಂಟೆಗೆ ಸುಮಾರು 60 ಕಿಲೋಮೀಟರಿಗೇ ಏದುಸಿರು ಬಿಡುವುದು, ಅನುಪಾತವನ್ನು 4.27ಕ್ಕೆ ಇಳಿಸಿದರೆ 75ನ್ನು ದಾಟೀತು. ಹೊಲದ ದಾರಿಗೆ ಮೊದಲನೆಯದೇ ಮೇಲು, ಉಮರಗಾದ ಮೇಲೆ ಹಾಯುವ ಪುಣೆ-ಹೈದರಾಬಾದ್ ಹೆದ್ದಾರಿಗೆ ಎರಡನೆಯದು. ಎರಡನ್ನೂ ಒಟ್ಟಿಗೆ ಬಯಸುವವನಿಗೆ ಐದು ಗೇರುಗಳ ಬಾಕ್ಸಿನ ಖರ್ಚು ತಪ್ಪಿದ್ದಲ್ಲ.

ಕಾನೂನಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶನಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿಯ ದಂಡವನ್ನೋ, ಆರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದಾಗಿಸಿತು. ಎಂಜಿನ್ನಿನ ಮೈಮೇಲಿನ ಸಂಖ್ಯೆ ಆರ್.ಸಿ. ಪುಸ್ತಕದೊಡನೆ ತಾಳೆಯಾಗದ ಜೀಪು ಅಪಘಾತಕ್ಕೀಡಾದರೆ ವಿಮೆಯವರ ತಕರಾರನ್ನೂ ಎದುರಿಸಬೇಕಾಗುವುದರಿಂದ, ಮಿಸ್ತ್ರಿಯ ಬಳಿಗೆ ಹೋಗುವ ಮುನ್ನ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತುವುದೇ ಲೇಸು.