ಹರಿದುಹಾಕಿದ ಷರಾ

ಜೋಸೆಫ್ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಗಾತ್ರದಲ್ಲಿ ನಮ್ಮ ನೀಳ್ಗತೆಗಿಂತ ತುಸು ಹಿರಿದು, ಅಷ್ಟೆ. 1899ರಲ್ಲಿ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಬಂದ ಈ ಕೃತಿಯನ್ನು ಕುರಿತು ವಿಮರ್ಶಕರು ಆಡಿರುವ ಮಾತು ಮಾತ್ರ ಅದರ ನೂರ್ಮಡಿ. ಮಾರ್ಲೋ ನದಿಯನ್ನೇರಿ ಹೋಗುವುದು ತನ್ನ ಅಂತರಂಗದ ಆಳಕ್ಕೇ, ಅಲ್ಲಿ ಸಿಕ್ಕುವ ಕರ್ಟ್ಸ್ ಅವನದೇ ನೆರಳು ಎಂಬುದು ಒಂದು ಪಕ್ಷ. ಆಲ್ಬರ್ಟ್ ಗೆರಾರ್ಡ್ 1958ರಲ್ಲಿ ಇದನ್ನು ಸಮರ್ಥವಾಗಿ ಪ್ರತಿಪಾದಿಸಿದನು. ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಕಾಂಗೋ ಸುಲಿಗೆಯ ಮೇಲಿನ ದೋಷಾರೋಪಣೆ ಇದೆಂಬುದು ಇನ್ನೊಂದು ಪಕ್ಷ.

ಎರಡನೆಯದಕ್ಕೆ ಸಾಕ್ಷ್ಯ ಹೇರಳವಾಗಿದೆ. ಕಾನ್ರಾಡ್ 1890ರಲ್ಲಿ ಸ್ವತಃ ಕಾಂಗೋವಿಗೆ ಹಡಗಿನ ಕೆಲಸಕ್ಕೆ ಹೋಗಿ, ಆರೋಗ್ಯ ಕೆಡಿಸಿಕೊಂಡು ಮರಳಿದವನು. ಕಾದಂಬರಿಯ ಆ ಲೆಕ್ಕಿಗನನ್ನು ನೋಡಿ. ಗಂಜಿ ಹಾಕಿದ ಕೊರಳಪಟ್ಟಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಅನತಿದೂರದಲ್ಲಿ, ಮರಗಳ ನೆರಳಿನಲ್ಲಿ, ದುಡಿದು ಬಸವಳಿದ ಕೂಲಿಗಳು ಸಾಯಲೆಂದೇ ತೆವಳಿ ಬಂದು ಬಿದ್ದಿದ್ದಾರೆ. ಈತನ ದೂರು ಬೇರೆ: ಕಚೇರಿಯಲ್ಲಿ ತಂದು ಮಲಗಿಸಿದ ರೋಗಿಯೊಬ್ಬನ ನರಳಾಟದಿಂದ ಲೆಕ್ಕ ತಪ್ಪುವ ಭಯ! ಕ್ರೌರ್ಯವನ್ನು ಇಷ್ಟು ಮಡಿ ಉಡುಪಿನಲ್ಲಿ ತೋರಿಸಿದವರು ವಿರಳ.

ಹಾಗೆಂದು 1975ರಲ್ಲಿ ನೈಜೀರಿಯದ ಚಿನುವಾ ಅಚಿಬೆ ಎತ್ತಿದ ಆಕ್ಷೇಪವನ್ನು ತಳ್ಳಿಹಾಕಲಾಗದು. ಒಬ್ಬ ಐರೋಪ್ಯನ ಮನಸ್ಸು ಒಡೆಯುವುದನ್ನು ತೋರಿಸಲು ಇಡೀ ಆಫ್ರಿಕವನ್ನು ಬರಿಯ ರಂಗಸಜ್ಜಿಕೆ ಮಾಡಬಹುದೆ? ಆ ಜನಕ್ಕೆ ಕಾನ್ರಾಡ್ ಕೊಟ್ಟಿರುವ ಮಾತುಗಳು ಬೆರಳೆಣಿಕೆಯವು. ಚುಕ್ಕಾಣಿಯವನು ಈಟಿ ನಾಟಿ ಸಾಯುವಾಗಲೂ ಸೊಲ್ಲೆತ್ತುವುದಿಲ್ಲ.

ನನಗೆ ತೋರುವಂತೆ ಈ ಎರಡು ಓದುಗಳನ್ನು ಬೇರ್ಪಡಿಸಿದ್ದೇ ವಿಮರ್ಶೆಯ ದೋಷ. ಕರ್ಟ್ಸನ ಪತನ ಅಂತರಂಗದ್ದೇ ಹೌದು. ಆದರೆ ನೆರೆಯವರ ನಾಲಗೆಯ ಅಂಜಿಕೆಯಾಗಲಿ ಪೋಲೀಸಿನವನ ಅಂಜಿಕೆಯಾಗಲಿ ಇಲ್ಲದ ನೆಲೆಯನ್ನು ಅವನಿಗೆ ಒದಗಿಸಿದ್ದು ಕಂಪೆನಿ. ದಂತ ಬರುತ್ತಿದ್ದಷ್ಟು ಕಾಲ ಅದು ಅವನ ದಾರಿಯನ್ನು ವಿಚಾರಿಸಲಿಲ್ಲ. ಅನಾಗರಿಕ ಆಚಾರಗಳ ನಿರ್ಮೂಲನದ ಸಂಘವೊಂದಕ್ಕಾಗಿ ಕರ್ಟ್ಸ್ ಬರೆದ ವರದಿಯಲ್ಲಿ ಈ ಒಳಹೊರಗುಗಳು ಒಂದೇ ಹಾಳೆಯ ಮೇಲೆ ಕೂಡುತ್ತವೆ. ಹದಿನೇಳು ಪುಟ ಪರೋಪಕಾರದ ವಾಗ್ಝರಿ. ಕೊನೆಯ ಪುಟದ ಅಡಿಯಲ್ಲಿ, ಬಹುಕಾಲದ ಮೇಲೆ ನಡುಗುವ ಕೈಯಿಂದ ಗೀಚಿದ ಷರಾ: ಈ ಮೃಗಗಳನ್ನೆಲ್ಲ ಕೊಂದು ಮುಗಿಸಿರೆಂದು ಅದರ ತಾತ್ಪರ್ಯ.

ಯೂರೋಪಿಗೆ ಮರಳಿದ ಮಾರ್ಲೋ ಆ ವರದಿಯನ್ನು ಕಂಪೆನಿಯವನ ಮುಂದಿಡುವಾಗ ಷರಾವನ್ನು ಹರಿದುಹಾಕಿರುತ್ತಾನೆ. ಕರ್ಟ್ಸನ ವಧುವಿಗೂ ಅವನ ಕೊನೆಯ ಮಾತಿನ ಬಗ್ಗೆ ಸುಳ್ಳನ್ನೇ ಹೇಳುತ್ತಾನೆ. ಕತೆಯನ್ನು ಬರಿಯ ಮನಸ್ಸಿನ ಯಾತ್ರೆಯೆಂದು ಓದುವವರು ಮಾಡುವುದೂ ಇದೇ ಕೆಲಸವಲ್ಲವೆ? ಹರಿದದ್ದರಲ್ಲಿ ಏನಿತ್ತೆಂಬುದನ್ನು ಅವನು ಬಾಯಿಬಿಡುವುದು ಥೇಮ್ಸ್ ನದಿಯಲ್ಲಿ, ಕತ್ತಲಾದ ಮೇಲೆ, ದೋಣಿಯಲ್ಲಿ ಕುಳಿತ ಗೆಳೆಯರ ಮುಂದೆ. ಅವರಲ್ಲೊಬ್ಬ ವಕೀಲ, ಒಬ್ಬ ಕಂಪೆನಿಗಳ ನಿರ್ದೇಶಕ, ಇನ್ನೊಬ್ಬ ಲೆಕ್ಕಿಗ.