ಯುರೋಪಿಯನ್ ಬಂಧನಾಜ್ಞೆ

ಯುರೋಪಿಯನ್ ಬಂಧನಾಜ್ಞೆ ಅಥವಾ ಯುರೋಪಿಯನ್ ಅರೆಸ್ಟ್ ವಾರಂಟ್ ಎಂಬುದು ಯುರೋಪಿಯನ್ ಒಕ್ಕೂಟದ ಒಂದು ಸದಸ್ಯ ರಾಷ್ಟ್ರದ ನ್ಯಾಯಾಂಗವು ಹೊರಡಿಸುವ, ಇತರ ಸದಸ್ಯ ರಾಷ್ಟ್ರಗಳಲ್ಲಿಯೂ ಜಾರಿಗೊಳ್ಳುವ ಆದೇಶವಾಗಿದೆ. ವಿಚಾರಣೆಗಾಗಲಿ, ಶಿಕ್ಷೆಯ ಜಾರಿಗಾಗಲಿ ಬೇಕಾದ ವ್ಯಕ್ತಿಯನ್ನು ಬಂಧಿಸಿ ಒಪ್ಪಿಸುವಂತೆ ಇದರ ಮೂಲಕ ಕೋರಲಾಗುತ್ತದೆ. ರಾಷ್ಟ್ರಗಳ ನ್ಯಾಯಾಲಯಗಳು ಪರಸ್ಪರ ಇರಿಸುವ ವಿಶ್ವಾಸವೇ ಈ ವ್ಯವಸ್ಥೆಯ ತಳಹದಿ.

ಹಿನ್ನೆಲೆ

ಇದಕ್ಕೆ ಮುನ್ನ ಆರೋಪಿಗಳ ಹಸ್ತಾಂತರವು ಮುಖ್ಯವಾಗಿ 1957ರ ಯುರೋಪಿಯನ್ ಒಡಂಬಡಿಕೆಯಂತೆ ನಡೆಯುತ್ತಿತ್ತು. ಅಂತಿಮ ತೀರ್ಮಾನವು ಸಾಮಾನ್ಯವಾಗಿ ಸರ್ಕಾರದ ಕೈಯಲ್ಲಿರುತ್ತಿದ್ದುದರಿಂದ ವಿಳಂಬಕ್ಕೂ ರಾಜಕೀಯ ಪ್ರಭಾವಕ್ಕೂ ಅವಕಾಶವಿತ್ತು. ಅನೇಕ ದೇಶಗಳು ತಮ್ಮ ಪ್ರಜೆಗಳನ್ನು ಒಪ್ಪಿಸುತ್ತಿರಲಿಲ್ಲ. 1999ರಲ್ಲಿ ಫಿನ್ಲೆಂಡಿನ ತಾಂಪೆರೆಯಲ್ಲಿ ಸೇರಿದ ಒಕ್ಕೂಟದ ನಾಯಕರು ನ್ಯಾಯಾಲಯದ ನಿರ್ಣಯಗಳ ಪರಸ್ಪರ ಮಾನ್ಯತೆಯ ತತ್ತ್ವವನ್ನು ಎತ್ತಿಹಿಡಿದರು. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರಂದು ನಡೆದ ದಾಳಿಗಳ ಬಳಿಕ ಈ ಕಾರ್ಯವು ಚುರುಕುಗೊಂಡಿತು. 2002ರ ಜೂನ್ 13ರಂದು ಅಂಗೀಕೃತವಾದ ನಿರ್ಣಯವು 2004ರ ಜನವರಿ 1ರಿಂದ ಅನ್ವಯವಾಯಿತು.

ಕಾರ್ಯವಿಧಾನ

ಗರಿಷ್ಠ ಶಿಕ್ಷೆ ಕನಿಷ್ಠ 12 ತಿಂಗಳಷ್ಟಿರುವ ಅಪರಾಧದ ವಿಚಾರಣೆಗೆ, ಅಥವಾ ಈಗಾಗಲೇ ವಿಧಿಸಲಾದ ಕನಿಷ್ಠ 4 ತಿಂಗಳ ಸೆರೆವಾಸದ ಜಾರಿಗೆ ಆಜ್ಞೆಯನ್ನು ಹೊರಡಿಸಬಹುದು. ಸಾಮಾನ್ಯವಾಗಿ, ಆರೋಪಿತ ಕೃತ್ಯವು ಎರಡೂ ದೇಶಗಳಲ್ಲಿ ಅಪರಾಧವೆಂದು ಪರಿಗಣಿತವಾಗಿರಬೇಕೆಂದು ಷರತ್ತು ವಿಧಿಸಬಹುದು. ಆದರೆ ಭಯೋತ್ಪಾದನೆ, ಮಾನವ ಕಳ್ಳಸಾಗಣೆ, ಭ್ರಷ್ಟಾಚಾರ ಮೊದಲಾದ 32 ಬಗೆಯ ಅಪರಾಧಗಳಿಗೆ, ಆಜ್ಞೆ ಹೊರಡಿಸಿದ ದೇಶದಲ್ಲಿ ಗರಿಷ್ಠ ಶಿಕ್ಷೆ ಕನಿಷ್ಠ 3 ವರ್ಷಗಳಷ್ಟಿದ್ದರೆ, ಈ ಪರಿಶೀಲನೆ ಇಲ್ಲ. ವ್ಯಕ್ತಿಯು ಸಮ್ಮತಿಸಿದರೆ 10 ದಿನಗಳಲ್ಲಿ, ಇಲ್ಲವಾದರೆ ಬಂಧನದ ನಂತರ 60 ದಿನಗಳಲ್ಲಿ ತೀರ್ಮಾನವಾಗಬೇಕು. 2005ರ ಜುಲೈ 21ರ ಲಂಡನ್ ಬಾಂಬ್ ದಾಳಿ ಯತ್ನದ ಆರೋಪಿಯೊಬ್ಬನನ್ನು ರೋಮ್‌ನಲ್ಲಿ ಬಂಧಿಸಿ, ಎರಡು ತಿಂಗಳೊಳಗೆ ಬ್ರಿಟನ್ನಿಗೆ ಒಪ್ಪಿಸಲಾಯಿತು.

ನಿರಾಕರಣೆ

ಅದೇ ಕೃತ್ಯಕ್ಕೆ ಸದಸ್ಯ ರಾಷ್ಟ್ರವೊಂದರಲ್ಲಿ ಅಂತಿಮ ತೀರ್ಪು ಬಂದು, ವಿಧಿಸಿದ ಶಿಕ್ಷೆಯೂ ಮುಗಿದಿದ್ದರೆ, ಅಥವಾ ವ್ಯಕ್ತಿಯು ಅಪರಾಧ ಹೊಣೆಗಾರಿಕೆಯ ವಯಸ್ಸನ್ನು ತಲುಪಿರದಿದ್ದರೆ ಒಪ್ಪಿಸುವಂತಿಲ್ಲ. 2018ರಲ್ಲಿ ಜರ್ಮನಿಯ ನ್ಯಾಯಾಲಯವೊಂದು ಕ್ಯಾಟಲೋನಿಯಾದ ಮಾಜಿ ಅಧ್ಯಕ್ಷ ಕಾರ್ಲೆಸ್ ಪುಜ್ಡೆಮೊನ್ ಅವರನ್ನು ದಂಗೆಯ ಆರೋಪದ ಮೇಲೆ ಒಪ್ಪಿಸಲು ನಿರಾಕರಿಸಿ, ಸಾರ್ವಜನಿಕ ಹಣದ ದುರುಪಯೋಗದ ಆರೋಪಕ್ಕೆ ಮಾತ್ರ ಸಮ್ಮತಿಸಿತು. ಬಳಿಕ ಸ್ಪೇನ್ ತನ್ನ ಆಜ್ಞೆಯನ್ನೇ ಹಿಂಪಡೆಯಿತು.

ವಿಶ್ವಾಸದ ಮಿತಿ

ಶೀಘ್ರತೆಯು ವ್ಯಕ್ತಿಯ ಹಕ್ಕುಗಳನ್ನು ಬಲಿಗೊಡಬಾರದೆಂಬ ಪ್ರಶ್ನೆ ಕ್ರಮೇಣ ಮುನ್ನೆಲೆಗೆ ಬಂದಿತು. ಸೆರೆಮನೆಯಲ್ಲಿ ಅಮಾನವೀಯ ಸ್ಥಿತಿಯ ನೈಜ ಅಪಾಯವಿದ್ದರೆ ಒಪ್ಪಿಸುವಿಕೆಯನ್ನು ಮುಂದೂಡಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2016ರಲ್ಲಿ, ಹಂಗೆರಿ ಮತ್ತು ರೊಮೇನಿಯಾಗಳಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ತೀರ್ಪಿತ್ತಿತು. 2018ರಲ್ಲಿ ಪೋಲೆಂಡಿನ ಪ್ರಕರಣವೊಂದರಲ್ಲಿ, ಆ ವ್ಯಕ್ತಿಗೆ ಸ್ವತಂತ್ರ ನ್ಯಾಯಾಲಯದ ಮುಂದೆ ನ್ಯಾಯಯುತ ವಿಚಾರಣೆ ದೊರೆಯದಿರುವ ನೈಜ ಅಪಾಯವಿದೆಯೇ ಎಂಬುದನ್ನೂ ಪರಿಶೀಲಿಸಬಹುದೆಂದು ಹೇಳಿತು. ಹೀಗಾಗಿ ಪರಸ್ಪರ ವಿಶ್ವಾಸವು ನಿಯಮವಾಗಿ ಉಳಿದಿದ್ದರೂ, ಅದು ಕಣ್ಣುಮುಚ್ಚಿದ ನಂಬಿಕೆಯಲ್ಲ.