ಆಯಿಲ್ ಕುಡಿಯದಿದ್ದರೇ ಆಪತ್ತು: ರೋಟರಿ ಇಂಜಿನ್ನಿನ ಪಂಪ್ ಕೈಕೊಟ್ಟಾಗ

ಕಾರು ಆಯಿಲ್ ಕುಡಿಯೋಕೆ ಶುರು ಮಾಡಿದರೆ ಮನೆಯಲ್ಲಿ ಎಲ್ಲರಿಗೂ ತಲೆನೋವು. ಗ್ಯಾರೇಜಿಗೆ ಒಯ್ದರೆ "ರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು" ಅಂತಾರೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇದ್ದ ಹಾಗೇ ಇದ್ದರೆ ನಮಗೆ ನೆಮ್ಮದಿ. ಆದರೆ ಈ ಲೆಕ್ಕ ಪೂರ್ತಿ ಉಲ್ಟಾ ಆಗುವ ಇಂಜಿನ್ ಒಂದಿದೆ. ಅದು ಆಯಿಲ್ ಕುಡಿಯುತ್ತಿದ್ದರೆ ಆರೋಗ್ಯವಾಗಿದೆ ಅಂತ ಅರ್ಥ. ಕುಡಿಯೋದು ನಿಲ್ಲಿಸಿತು ಅಂದರೆ ಹೆದರಬೇಕು. ಅದೇ ರೋಟರಿ ಇಂಜಿನ್, ಮಜ್ದಾ ಕಂಪನಿಯ ಆರ್‌ಎಕ್ಸ್-7, ಆರ್‌ಎಕ್ಸ್-8 ಕಾರುಗಳಲ್ಲಿ ಇದ್ದದ್ದು. ಅದರ ಆಯಿಲ್ ಪಂಪ್ ಕೆಟ್ಟಾಗ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರಲ್ಲ, ಅದು ಯಾಕೆ, ಎಷ್ಟು, ಎಲ್ಲಿಯವರೆಗೆ ಸರಿ ಅನ್ನೋದನ್ನ ಈ ಬಾರಿ ನೋಡೋಣ.

ಪಿಸ್ಟನ್ನಿಗೆ ಕೆಳಗಡೆ ಇದೆ, ರೋಟರಿಗೆ ಇಲ್ಲ

ನಾವು ಎರಡನೇ ವರ್ಷದಲ್ಲಿ ಓದುವ ಫೋರ್ ಸ್ಟ್ರೋಕ್ ಇಂಜಿನ್ ನೆನಪಿಸಿಕೊಳ್ಳಿ. ಪಿಸ್ಟನ್ನಿನ ಮೇಲೆ ಬೆಂಕಿ, ಕೆಳಗೆ ಆಯಿಲ್. ಕ್ರ್ಯಾಂಕ್‌ಕೇಸಿನಿಂದ ಚಿಮ್ಮುವ ಆಯಿಲ್ ಸಿಲಿಂಡರ್ ಗೋಡೆಗೆ ಮೆತ್ತಿಕೊಳ್ಳುತ್ತದೆ, ಆಯಿಲ್ ರಿಂಗ್ ಹೆಚ್ಚಾದದ್ದನ್ನು ಕೆರೆದು ವಾಪಸ್ ಸಂಪಿಗೆ ಕಳಿಸುತ್ತದೆ. ಅಂದರೆ ರಿಂಗಿನ ಒಂದು ಪಕ್ಕ ಯಾವಾಗಲೂ ಆಯಿಲ್ಲಿನ ಕಡೆಗೇ ಇರುತ್ತದೆ.

ರೋಟರಿಯಲ್ಲಿ ಈ ಅನುಕೂಲ ಇಲ್ಲ. ಹೊಟ್ಟೆ ಉಬ್ಬಿದ ತ್ರಿಕೋನದಂಥ ರೋಟರ್ ಒಂದು ಹೌಸಿಂಗಿನೊಳಗೆ ಸುತ್ತುತ್ತದೆ. ಮೂರೂ ಮೂಲೆಗಳಲ್ಲಿ ಒಂದೊಂದು ಅಪೆಕ್ಸ್ ಸೀಲ್, ಅಂದರೆ ತೆಳ್ಳಗಿನ ಲೋಹದ ಪಟ್ಟಿ. ಕೆಳಗಿನ ಸ್ಪ್ರಿಂಗ್ ಅದನ್ನು ಹೌಸಿಂಗಿನ ಗೋಡೆಗೆ ಒತ್ತಿ ಹಿಡಿದಿರುತ್ತದೆ. ಈ ಸೀಲಿನ ಆಚೆಗೂ ಗ್ಯಾಸ್, ಈಚೆಗೂ ಗ್ಯಾಸ್. ಒಂದು ಕಡೆ ಹೀರುವಿಕೆ, ಇನ್ನೊಂದು ಕಡೆ ಒತ್ತುವಿಕೆ. ಸ್ವಲ್ಪ ಹೊತ್ತಿಗೆ ಒಂದು ಕಡೆ ದಹನ, ಇನ್ನೊಂದು ಕಡೆ ಹೊಗೆ. ಆಯಿಲ್ ತಾನಾಗಿ ಬಂದು ತಾಗುವ ದಾರಿಯೇ ಇಲ್ಲ. ಹಾಗಾಗಿ ಗಾಳಿ-ಪೆಟ್ರೋಲಿನ ಜೊತೆಗೇ ಸ್ವಲ್ಪ ಆಯಿಲ್ ಒಳಗೆ ಕಳಿಸಬೇಕು. ಅದು ಸೀಲಿಗೆ ತಾಗಿ, ಕೆಲಸ ಮುಗಿಸಿ, ಸುಟ್ಟು ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಇದು ದೋಷ ಅಲ್ಲ, ವಿನ್ಯಾಸವೇ ಹಾಗೆ.

ಸೀಲಿನ ಪಾಡು ಎಂಥದು ಅಂತ ಒಂದು ಲೆಕ್ಕ ಮಾಡಿ ನೋಡಿದೆವು. ಮಜ್ದಾ 13ಬಿ ಇಂಜಿನ್ನಿನಲ್ಲಿ ರೋಟರಿನ ತ್ರಿಜ್ಯ 105 ಮಿ.ಮೀ., ಶಾಫ್ಟಿನ ಎಕ್ಸೆಂಟ್ರಿಸಿಟಿ 15 ಮಿ.ಮೀ. ಇದರಿಂದ ಹೌಸಿಂಗಿನ ಒಳಸುತ್ತಳತೆ ಸುಮಾರು 69 ಸೆಂ.ಮೀ. ಬರುತ್ತದೆ. ಶಾಫ್ಟ್ ಮೂರು ಸುತ್ತು ತಿರುಗಿದರೆ ರೋಟರ್ ಒಂದು ಸುತ್ತು. ಅಂದರೆ 6000 ಆರ್‌ಪಿಎಂನಲ್ಲಿ ರೋಟರ್ ನಿಮಿಷಕ್ಕೆ 2000 ಸುತ್ತು. ಆಗ ಸೀಲ್ ಸರಾಸರಿ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಗೋಡೆಯನ್ನು ಉಜ್ಜುತ್ತಾ ಹೋಗುತ್ತದೆ. ಪಿಸ್ಟನ್ನಾದರೂ ಮೇಲೆ-ಕೆಳಗೆ ತುದಿಗಳಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಇದು ನಿಲ್ಲೋದೇ ಇಲ್ಲ.

ಈ ಸೀಲ್ ಅನ್ನೋದು ಮೊದಲಿಂದಲೂ ತಲೆನೋವೇ. ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಫೆಲಿಕ್ಸ್ ವಾಂಕೆಲ್ ಅವರ ಇಂಜಿನ್ 1957ರಲ್ಲಿ ಓಡಿತು. ಅದರ ಹಕ್ಕು ಪಡೆದ ಹಿರೋಶಿಮಾದ ಮಜ್ದಾದಲ್ಲಿ ಕೆನಿಚಿ ಯಾಮಾಮೊಟೊ ಅವರ ತಂಡಕ್ಕೆ ಎದುರಾದ ಮೊದಲ ದೊಡ್ಡ ಸಮಸ್ಯೆ, ಸೀಲ್ ಅದುರಿ ಹೌಸಿಂಗಿನ ಗೋಡೆ ಮೇಲೆ ಬೀಳುತ್ತಿದ್ದ ಗೀರುಗಳು. ಅವನ್ನು ಅವರು ದೆವ್ವದ ಉಗುರಿನ ಗುರುತು ಅಂತ ಕರೆಯುತ್ತಿದ್ದರು. ಅದನ್ನು ಗೆದ್ದ ಮೇಲೇ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಮಾರುಕಟ್ಟೆಗೆ ಬಂದದ್ದು.

ಪಂಪ್ ಏನು ಮಾಡುತ್ತದೆ, ಹೇಗೆ ಕೆಡುತ್ತದೆ

ಈ ಕೆಲಸಕ್ಕೆ ಇರುವುದು ಆಯಿಲ್ ಮೀಟರಿಂಗ್ ಪಂಪ್. ಬೇರಿಂಗುಗಳಿಗೆ ಒತ್ತಡದಲ್ಲಿ ಆಯಿಲ್ ಕಳಿಸುವ ಮುಖ್ಯ ಪಂಪ್ ಬೇರೆ, ಇದು ಬೇರೆ. ಇದು ಸಂಪಿನ ಆಯಿಲ್ಲನ್ನೇ ಹನಿ ಹನಿಯಾಗಿ ಅಳೆದು, ಸಣ್ಣ ಪೈಪುಗಳ ಮೂಲಕ ಇಂಜಿನ್ನಿನೊಳಗೆ ಬಿಡುತ್ತದೆ. ಇಂಜಿನ್ ವೇಗ ಹೆಚ್ಚಾದಂತೆ, ಆಕ್ಸಿಲರೇಟರ್ ಒತ್ತಿದಂತೆ ಹನಿಯೂ ಹೆಚ್ಚು. ಹಳೆಯ ಆರ್‌ಎಕ್ಸ್-7ಗಳಲ್ಲಿ ಇದು ಥ್ರಾಟಲಿಗೆ ಜೋಡಿಸಿದ ಯಾಂತ್ರಿಕ ಪಂಪ್. ಎಂಬತ್ತರ ದಶಕದ ಕೊನೆಯಿಂದ ಇಸಿಯು ನಡೆಸುವ ಎಲೆಕ್ಟ್ರಾನಿಕ್ ಪಂಪ್ ಬಂತು.

ಕೆಡುವುದು ಎರಡು ಮೂರು ರೀತಿ. ಯಾಂತ್ರಿಕ ಪಂಪಿನ ಸರಳು ಕಳಚಿಕೊಳ್ಳಬಹುದು. ಎಲೆಕ್ಟ್ರಾನಿಕ್ ಪಂಪಿನ ಮೋಟರ್ ಅಥವಾ ಸೆನ್ಸರ್ ಸಾಯಬಹುದು. ಇನ್ನು ಆ ಸಣ್ಣ ಪ್ಲಾಸ್ಟಿಕ್ ಪೈಪುಗಳು ವರ್ಷಗಟ್ಟಲೆ ಇಂಜಿನ್ ಬಿಸಿಯಲ್ಲಿ ಬೆಂದು ಹಪ್ಪಳದ ಹಾಗೆ ಪಟ್ಟನೆ ಮುರಿಯುತ್ತವೆ.

ಗೊತ್ತಾಗೋದು ಹೇಗೆ? ಇಲ್ಲೇ ಇರೋದು ಅಪಾಯ. ಪಂಪ್ ನಿಂತರೆ ಶಬ್ದ ಬರಲ್ಲ, ಹೊಗೆ ಬರಲ್ಲ. ಆಯಿಲ್ ಪ್ರೆಶರ್ ದೀಪವೂ ಹೊತ್ತಲ್ಲ, ಯಾಕಂದ್ರೆ ಮುಖ್ಯ ಪಂಪ್ ಚೆನ್ನಾಗೇ ಇದೆ. ಎಲೆಕ್ಟ್ರಾನಿಕ್ ಪಂಪಾದರೆ ಇಸಿಯು ದೋಷ ಗುರುತಿಸಿ ಇಂಜಿನ್ನಿನ ಶಕ್ತಿ ಕಡಿಮೆ ಮಾಡಬಹುದು. ಯಾಂತ್ರಿಕ ಪಂಪಿನಲ್ಲಿ ಅದೂ ಇಲ್ಲ. ಡಿಪ್‌ಸ್ಟಿಕ್ ಮಾತ್ರ ಸಾವಿರ ಕಿಲೋಮೀಟರ್ ಆದಮೇಲೂ ಮೊದಲಿದ್ದ ಮಟ್ಟವನ್ನೇ ತೋರಿಸುತ್ತದೆ. "ಪರವಾಗಿಲ್ಲ, ಆಯಿಲ್ಲೇ ಕುಡೀತಿಲ್ಲ" ಅಂತ ಖುಷಿಪಟ್ಟರೆ ಕೆಟ್ಟೆವು. ಹಾಗಂತ ಮಟ್ಟ ಇಳಿದರೆ ಎಲ್ಲ ಸರಿ ಅಂತಲೂ ಅಲ್ಲ. ಪೈಪ್ ಮುರಿದು ಆಯಿಲ್ ಹೊರಗೆ ಸೋರುತ್ತಿದ್ದರೂ ಮಟ್ಟ ಇಳಿಯುತ್ತದೆ, ಸೀಲ್ ಮಾತ್ರ ಒಣಗೇ ಇರುತ್ತದೆ. ಅದಕ್ಕೇ ಮಟ್ಟವನ್ನೂ ನೋಡಬೇಕು, ಪೈಪುಗಳನ್ನೂ ನೋಡಬೇಕು. ಬಿಸಿ ಇಂಜಿನ್ ಸ್ಟಾರ್ಟ್ ಆಗೋಕೆ ಸತಾಯಿಸುವ ಹೊತ್ತಿಗೆ ಸಾಮಾನ್ಯವಾಗಿ ಸೀಲ್ ಸವೆದು ಕಂಪ್ರೆಷನ್ ಬಿದ್ದಿರುತ್ತದೆ. ಆಮೇಲೆ ಆಯಿಲ್ ಸುರಿದರೆ ಸವೆದದ್ದು ವಾಪಸ್ ಬರಲ್ಲ.

ಟ್ಯಾಂಕಿಗೇ ಆಯಿಲ್

ಇದರ ಪರಿಹಾರ ನಮ್ಮೂರಿನವರಿಗೆ ಹೊಸದಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗೆ ಪೆಟ್ರೋಲ್ ಹಾಕಿಸುವಾಗ ಟೂಟಿ ಆಯಿಲ್ಲನ್ನೂ ಸೇರಿಸಿಯೇ ಹಾಕಿಸುತ್ತಿದ್ದರು. ಯಮಾಹಾ ಆರ್‌ಎಕ್ಸ್ 100ರಲ್ಲಿ ಆಯಿಲ್ಲಿಗೆ ಬೇರೆ ಪಂಪ್ ಇದೆ, ಆದರೆ ಅದು ಕೆಟ್ಟಮೇಲೆ ತೆಗೆಸಿ ಟ್ಯಾಂಕಿಗೇ ಆಯಿಲ್ ಬೆರೆಸಿಕೊಂಡು ಓಡಿಸುವವರು ಇಂದಿಗೂ ಇದ್ದಾರೆ. ರೋಟರಿಯಲ್ಲೂ ಉಪಾಯ ಅದೇ. 1974ರಲ್ಲಿ ಬಂದ ಜರ್ಮನಿಯ ಹರ್ಕ್ಯುಲಿಸ್ ಡಬ್ಲ್ಯೂ-2000 ಅನ್ನೋ ರೋಟರಿ ಬೈಕಿನ ಮೊದಲ ಮಾದರಿಗೆ ಕಂಪನಿಯೇ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಲು ಹೇಳಿತ್ತು.

ಆದರೆ ಪ್ರಮಾಣ ಒಂದೇ ಅಲ್ಲ. ಟೂ ಸ್ಟ್ರೋಕ್ ಬೈಕಿಗೆ ಲೀಟರಿಗೆ 20ರಿಂದ 40 ಮಿ.ಲೀ. ಬೇಕು. ಯಾಕೆಂದರೆ ಅಲ್ಲಿ ಕ್ರ್ಯಾಂಕ್ ಬೇರಿಂಗಿಗೂ ಪಿಸ್ಟನ್ನಿಗೂ ಅದೊಂದೇ ಆಯಿಲ್. ಮಜ್ದಾ ರೋಟರಿಯಲ್ಲಿ ಬೇರಿಂಗುಗಳಿಗೆ ಸಂಪಿನ ಆಯಿಲ್ ಬೇರೆಯಾಗಿ ಹೋಗುತ್ತದೆ, ಪೆಟ್ರೋಲಿನ ಆಯಿಲ್ ಸೀಲುಗಳಿಗೆ ಮಾತ್ರ. ಹಾಗಾಗಿ ಪಂಪ್ ಪೂರ್ತಿ ಇಲ್ಲದಿದ್ದಾಗ ರೋಟರಿ ಬಲ್ಲವರು ಸಾಮಾನ್ಯವಾಗಿ ಬಳಸುವುದು ಲೀಟರಿಗೆ ಸುಮಾರು 8 ಮಿ.ಲೀ., ಅಂದರೆ 125ಕ್ಕೆ 1. ಪಂಪ್ ಇದ್ದೂ ಹೆಚ್ಚಿನ ರಕ್ಷಣೆಗೆ ಅಂತ ಬೆರೆಸುವವರು ಅದರ ಅರ್ಧ ಹಾಕುತ್ತಾರೆ. 40 ಲೀಟರ್ ತುಂಬಿಸಿದರೆ 320 ಮಿ.ಲೀ. ಆಯಿತು. ಅಂದಾಜಿನಲ್ಲಿ ಸುರಿಯಬೇಡಿ, ಅಳತೆ ಪಾತ್ರೆ ಇಟ್ಟುಕೊಳ್ಳಿ. ಮೊದಲು ಆಯಿಲ್, ಆಮೇಲೆ ಪೆಟ್ರೋಲ್; ಪೆಟ್ರೋಲ್ ಬೀಳುವ ರಭಸಕ್ಕೇ ಬೆರೆಯುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ: ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಕ್ಯಾಟಲಿಟಿಕ್ ಕನ್ವರ್ಟರಿಗೂ ಪೆಟ್ಟು.

ಯಾವ ಆಯಿಲ್? ಟೂ ಸ್ಟ್ರೋಕ್ ಆಯಿಲ್ಲೇ, ಜಾಸೋ ಎಫ್‌ಡಿ ದರ್ಜೆಯದು ಒಳ್ಳೆಯದು. ಸುಟ್ಟರೆ ಹೊಗೆ, ಮಸಿ ಕಡಿಮೆ ಇರಲಿ ಅಂತಲೇ ಅದನ್ನು ಮಾಡಿರುತ್ತಾರೆ. ಮಾಮೂಲಿ ಇಂಜಿನ್ ಆಯಿಲ್ಲಿನಲ್ಲಿ ಲೋಹದ ಅಂಶವಿರುವ ರಾಸಾಯನಿಕಗಳಿರುತ್ತವೆ, ಸುಟ್ಟಾಗ ಬೂದಿ ಉಳಿಯುತ್ತದೆ. ತಮಾಷೆ ಅಂದ್ರೆ ಪಂಪ್ ಕಳಿಸುವುದು ಆ ಇಂಜಿನ್ ಆಯಿಲ್ಲನ್ನೇ! ಹಾಗಾಗಿ ಈ ಒಂದು ವಿಷಯದಲ್ಲಿ ಕೈಯಲ್ಲಿ ಬೆರೆಸಿದ್ದೇ ವಾಸಿ. ಇನ್ನೊಂದು ಲಾಭವೂ ಇದೆ. ಪಂಪ್ ಒಂದೆರಡು ಜಾಗದಲ್ಲಿ ಹನಿಸುತ್ತದೆ, ಬೆರೆಸಿದ ಆಯಿಲ್ ಪೆಟ್ರೋಲ್ ಹೋದಲ್ಲೆಲ್ಲ ಹೋಗುತ್ತದೆ.

ಎಲ್ಲಿ ಸಾಲದು

ಪೆಟ್ರೋಲ್ ಇದ್ದರೆ ಮಾತ್ರ ಆಯಿಲ್ ಅನ್ನೋದು ಈ ಉಪಾಯದ ದೌರ್ಬಲ್ಯ. ಉದ್ದನೆಯ ಘಾಟಿಯನ್ನು ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಇಂಜೆಕ್ಷನ್ ಕಾರಿನಲ್ಲಿ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ರೋಟರ್ ತಿರುಗುತ್ತಲೇ ಇದೆ, ಸೀಲಿಗೆ ಹೊಸ ಆಯಿಲ್ ಇಲ್ಲ. ಪಂಪ್ ಇದ್ದಿದ್ದರೆ ಆಗಲೂ ಒಂದಿಷ್ಟು ಹನಿಸುತ್ತಿತ್ತು. ಹಾಗಾಗಿ ಇಳಿಜಾರಿನಲ್ಲಿ ಹೆಚ್ಚು ಆರ್‌ಪಿಎಂ ಇರದಂತೆ ನೋಡಿಕೊಳ್ಳಬೇಕು.

ಇಸಿಯು ಈಗಾಗಲೇ ಶಕ್ತಿ ಕಡಿಮೆ ಮಾಡಿದ್ದರೆ ಆಯಿಲ್ ಬೆರೆಸಿದ ಮಾತ್ರಕ್ಕೆ ಅದು ವಾಪಸ್ ಕೊಡುವುದಿಲ್ಲ. ಅದಕ್ಕೆ ಗೊತ್ತಿರುವುದು ಪಂಪಿನ ಸಿಗ್ನಲ್ ಮಾತ್ರ. ಇನ್ನು ಪಂಪನ್ನು ಕಾಯಂ ಆಗಿ ತೆಗೆಯುವುದಾದರೆ ಆ ಜಾಗವನ್ನು ಸರಿಯಾದ ಪ್ಲೇಟಿನಿಂದ ಮುಚ್ಚಬೇಕು. ಆಯಿಲ್ ನಳಿಕೆಗಳನ್ನೂ ಅವುಗಳ ಗಾಳಿಯ ಪೈಪುಗಳನ್ನೂ ಬಂದ್ ಮಾಡಬೇಕು. ಇಲ್ಲದಿದ್ದರೆ ಆಯಿಲ್ ಸೋರುತ್ತದೆ, ಗಾಳಿ ಒಳಗೆ ನುಸುಳುತ್ತದೆ.

ದಾರಿಯಲ್ಲಿ ಪಂಪ್ ಕೆಟ್ಟದ್ದು ಗೊತ್ತಾದರೆ ಟೂಟಿ ಆಯಿಲ್ ತಂದು ಅಳೆದು ಹಾಕಿ, ನಿಧಾನವಾಗಿ ಓಡಿಸಿ ಮನೆ ಸೇರಿ. ಅಷ್ಟಕ್ಕೆ ಇದು ಖಂಡಿತ ಸಾಕು. ಅದೇ ಮುಂದುವರಿಸಬೇಕಾ, ಪಂಪ್ ರಿಪೇರಿ ಮಾಡಿಸಬೇಕಾ ಅಂತ ನಾವು ಲ್ಯಾಬಿನಲ್ಲಿ ತುಂಬ ಹೊತ್ತು ವಾದ ಮಾಡಿದೆವು. ರೇಸಿಗೆ ಓಡಿಸುವವರು ಪಂಪ್ ಕಿತ್ತು ಬೆರೆಸಿಕೊಳ್ಳುವುದುಂಟು, ಅವರು ಪ್ರತಿ ಲೀಟರಿಗೂ ಲೆಕ್ಕ ಇಡುತ್ತಾರೆ. ದಿನಬಳಕೆಯ ಕಾರು ಹಾಗಲ್ಲ. ಇವತ್ತು ನಾವು, ನಾಳೆ ಅಪ್ಪ, ನಾಡಿದ್ದು ಎರವಲು ಒಯ್ದ ಗೆಳೆಯ ಪೆಟ್ರೋಲ್ ಹಾಕಿಸುತ್ತಾರೆ. ಅವರಲ್ಲಿ ಒಬ್ಬರು ಮರೆತರೂ ಒಂದು ಟ್ಯಾಂಕ್ ಪೂರ್ತಿ ಸೀಲ್ ಒಣಗಿ ಓಡುತ್ತದೆ, ಕಾರು ಮಾತ್ರ ಏನೂ ಹೇಳುವುದಿಲ್ಲ. ಆದ್ದರಿಂದ ನಮ್ಮ ತೀರ್ಮಾನ ಇಷ್ಟು: ಪಂಪ್ ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಬೆರೆಸಿ, ಮತ್ತು ಪೆಟ್ರೋಲ್ ಮುಚ್ಚಳದ ಒಳಗಡೆ "ಲೀಟರಿಗೆ 8 ಮಿ.ಲೀ. ಆಯಿಲ್" ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.